ಪುಸ್ತಕದ ಬೆನ್ನು ನೋಡಿ



ಈ ತಿಂಗಳ ಅಂಕಣ ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯ ಕಪಾಟಿನಿಂದ ಎರಡು ಪುಸ್ತಕ ತೆಗೆದುಕೊಂಡು ಬನ್ನಿ. ಒಂದು, ನಿಮ್ಮ ತಂದೆತಾಯಿ ಊರಿನಿಂದ ತಂದಿಟ್ಟ ಹಳೆಯ ಕನ್ನಡ ಪುಸ್ತಕ. ರಟ್ಟಿನ ಹೊದಿಕೆಯದಾದರೆ ಒಳ್ಳೆಯದು. ಇನ್ನೊಂದು, ನೀವೇ ಕೊಂಡ ಇಂಗ್ಲಿಷ್ ಪೇಪರ್‌ಬ್ಯಾಕ್. ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿ, ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿ. ಹಳೆಯ ಪುಸ್ತಕದಲ್ಲಿ ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಕಾಣುತ್ತವೆ. ಪ್ರತಿ ಕಂತೆಯೂ ಬೆನ್ನಿನ ಕಡೆ ಮಡಚಿ ದುಂಡಗಾಗಿರುತ್ತದೆ. ಒಂದು ಕಂತೆಯ ನಟ್ಟನಡುವೆ ತೆರೆದರೆ ದಾರವೂ ಸಿಗುತ್ತದೆ. ಪೇಪರ್‌ಬ್ಯಾಕಿನಲ್ಲಿ ಸಾಮಾನ್ಯವಾಗಿ ಕಂತೆಯೂ ಇಲ್ಲ, ದಾರವೂ ಇಲ್ಲ. ಹಾಳೆಗಳೆಲ್ಲ ಚೂರಿಯಿಂದ ಕೊಯ್ದ ಹಾಗೆ ನೇರವಾಗಿ ನಿಂತು ಒಂದು ಅಂಟಿನ ಪದರಕ್ಕೆ ಕಚ್ಚಿಕೊಂಡಿರುತ್ತವೆ. ಮೊದಲನೆಯದು ಹೊಲಿದ ಪುಸ್ತಕ, ಎರಡನೆಯದು ಅಂಟಿಸಿದ ಪುಸ್ತಕ.

ಮುದ್ರಣ ಎಂದ ಕೂಡಲೇ ನಮ್ಮ ಗಮನ ಹೋಗುವುದು ಅಕ್ಷರಗಳ ಕಡೆಗೆ. ಮೊಳೆ ಜೋಡಿಸುವ ಕಾಲ ಹೋಯಿತು, ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು, ಈಗ ಡಿಜಿಟಲ್ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಚ್ಚಾಗಿ ಹೊರಬಂದ ಹಾಳೆ ಇನ್ನೂ ಪುಸ್ತಕವಲ್ಲ. ಅದನ್ನು ಮಡಚಬೇಕು, ಅನುಕ್ರಮವಾಗಿ ಜೋಡಿಸಬೇಕು, ಹೊಲಿಯಬೇಕು ಇಲ್ಲವೇ ಅಂಟಿಸಬೇಕು, ಹೊದಿಕೆ ಹಾಕಬೇಕು, ಮೂರು ಅಂಚುಗಳನ್ನು ಕತ್ತರಿಸಬೇಕು. ಇದಕ್ಕೆಲ್ಲ ಸೇರಿಸಿ ಪ್ರೆಸ್ಸಿನವರು ‘ಫಿನಿಶಿಂಗ್’ ಎನ್ನುತ್ತಾರೆ. ಈ ಕೆಲಸ ಮಾಡುವವರು ಮದುವೆ ಮನೆಯ ಅಡುಗೆಯವರ ಹಾಗೆ. ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಕೆಲಸ ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1974ರಲ್ಲಿ ತನ್ನ ಎರಡನೆಯ ಘಟಕವನ್ನು ನಮ್ಮ ಘಾಜಿಯಾಬಾದಿನಲ್ಲಿ ತೆರೆಯಿತು. ಆ ಕಾಲದಲ್ಲಿ ನೌಕರಿಯ ಮೇಲೆ ಇತ್ತ ಬಂದವರಿಗೆ, ಕೇಂದ್ರ ಸರ್ಕಾರದ ಕಚೇರಿಗಳಿಗೆಂದು ದೆಹಲಿಗೆ ಬಂದು ಯಮುನೆಯ ಈಚೆ ದಡದಲ್ಲಿ ಮನೆ ಮಾಡಿಕೊಂಡವರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಅವರ ನೆನಪುಗಳನ್ನು ಬರೆಸಿ ಒಂದು ಪುಸ್ತಕ ಮಾಡಬೇಕೆಂಬ ಮಾತು ನಮ್ಮ ಸಂಘದಲ್ಲಿ ಆಗಾಗ ಬರುತ್ತದೆ. ಬರೆಯುವವರು ಅವರು, ಟೈಪ್ ಮಾಡಿ, ಪುಟ ಜೋಡಿಸಿ, ಅಚ್ಚಿಗೆ ಕೊಂಡೊಯ್ಯಬೇಕಾದವರು ನೀವು. ನೂರು ಪ್ರತಿಗಿಂತ ಹೆಚ್ಚು ಬೇಕಿಲ್ಲದ ಇಂಥ ಪುಸ್ತಕವನ್ನು ಮೂವತ್ತು ವರ್ಷಗಳ ಹಿಂದೆ ಯಾವ ಪ್ರೆಸ್ಸಿನವರೂ ಸಂತೋಷದಿಂದ ಒಪ್ಪಿಕೊಳ್ಳುತ್ತಿರಲಿಲ್ಲ. ಈಗ ಒಪ್ಪುತ್ತಾರೆ. ಅದು ಬಾಳಿಕೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಬಾಳಿಕೆಯ ಮಾತು ಸುಮ್ಮನೆ ಆಡುತ್ತಿಲ್ಲ. ಸಂಘದ ಹಳೆಯ ಸ್ಮರಣ ಸಂಚಿಕೆಗಳನ್ನು ಒಮ್ಮೆ ತೆರೆದು ನೋಡಿ. ಒಂದು ಸಂಚಿಕೆಯಂತೂ ಕೈಗೆತ್ತಿಕೊಂಡರೆ ಇಸ್ಪೀಟೆಲೆಗಳ ಹಾಗೆ ಹಾಳೆಗಳು ಬಿಡಿಬಿಡಿಯಾಗಿ ಬರುತ್ತವೆ. ಮೊದಲ ಕಾರ್ಯಕಾರಿ ಸಮಿತಿಯ ಫೋಟೋ ಇದ್ದ ಹಾಳೆ ನಮ್ಮ ಬಳಿ ಉಳಿದಿರುವ ಯಾವ ಪ್ರತಿಯಲ್ಲೂ ಈಗ ಇಲ್ಲ. ಕಾಗದ ಚೆನ್ನಾಗಿತ್ತು, ಅಚ್ಚು ಚೆನ್ನಾಗಿತ್ತು, ಬೆನ್ನು ಮಾತ್ರ ಕೈಕೊಟ್ಟಿತು.

ಮೊದಲು ಪುಸ್ತಕದ ಅಂಗರಚನೆ ತಿಳಿಯೋಣ. ಕನ್ನಡ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ‘1/8 ಡೆಮಿ’ ಎಂದು ಅಚ್ಚಾಗಿರುವುದನ್ನು ಕಂಡಿರಬಹುದು. ಪಕ್ಕದಲ್ಲೇ ‘70 ಜಿ.ಎಸ್.ಎಂ. ಮ್ಯಾಪ್‌ಲಿತೋ’ ಎಂದೂ ಇರುತ್ತದೆ. ಎರಡನೆಯದು ಕಾಗದದ ತೂಕ: ಒಂದು ಚದರ ಮೀಟರಿಗೆ 70 ಗ್ರಾಂ. ಮೊದಲನೆಯದು ಪುಸ್ತಕದ ಆಕಾರ. ಡೆಮಿ ಎಂಬುದು ದೊಡ್ಡ ಕಾಗದದ ಒಂದು ಅಳತೆ. ಅದನ್ನು ಮೂರು ಸಲ ಅರ್ಧಕ್ಕೆ ಮಡಚಿದರೆ 8 ಎಲೆ, ಅಂದರೆ 16 ಪುಟ. ಈ 16 ಪುಟದ ಕಂತೆಗೆ ನಮ್ಮ ಪ್ರೆಸ್ಸುಗಳಲ್ಲಿ ‘ಫಾರಂ’ ಎನ್ನುತ್ತಾರೆ, ಇಲ್ಲಿನ ಹಿಂದಿ ಪ್ರೆಸ್ಸುಗಳಲ್ಲಿ ‘ಫರ್ಮಾ’.

ಒಂದು ಸಾದಾ ಹಾಳೆ ತೆಗೆದುಕೊಂಡು ಮೂರು ಸಲ ಮಡಚಿ, ಪುಸ್ತಕದ ಕ್ರಮದಲ್ಲಿ ಮೂಲೆಗಳಲ್ಲಿ 1ರಿಂದ 16ರವರೆಗೆ ಅಂಕಿ ಹಾಕಿ, ಮತ್ತೆ ಬಿಡಿಸಿ ನೋಡಿ. ಕೆಲವು ಅಂಕಿ ತಲೆಕೆಳಗಾಗಿರುತ್ತವೆ. 1ರ ಪಕ್ಕದಲ್ಲಿ 16 ಇರುತ್ತದೆ, 2ರ ಪಕ್ಕದಲ್ಲಿ 15, 8ರ ಪಕ್ಕದಲ್ಲಿ 9. ಬೆನ್ನಿನ ಎರಡು ಕಡೆಯ ಅಂಕಿಗಳನ್ನು ಕೂಡಿಸಿದರೆ ಯಾವಾಗಲೂ 17. ಹಾಳೆಯ ಮೇಲೆ ಪುಟಗಳನ್ನು ಈ ವಿಚಿತ್ರ ಕ್ರಮದಲ್ಲಿ ಅಚ್ಚು ಹಾಕಿದರೆ ಮಾತ್ರ ಮಡಚಿದ ಮೇಲೆ ಸರಿಯಾದ ಕ್ರಮ ಬರುತ್ತದೆ. ಈ 17ರ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

128 ಪುಟದ ಪುಸ್ತಕಕ್ಕೆ 8 ಫಾರಂ. ಸಾವಿರ ಪ್ರತಿ ಎಂದರೆ 8,000 ದೊಡ್ಡ ಹಾಳೆ. ಒಂದೊಂದನ್ನು ಮೂರು ಸಲ ಎಂದರೆ 24,000 ಸಲ ಮಡಚಬೇಕು. ಇದನ್ನೆಲ್ಲ ಒಂದು ಕಾಲದಲ್ಲಿ ಕೈಯಲ್ಲೇ ಮಾಡುತ್ತಿದ್ದರು. ನೆಲದ ಮೇಲೆ ಕುಳಿತು, ನಯವಾದ ಪಟ್ಟಿಯಿಂದ ತೀಡಿ ತೀಡಿ ಮಡಚುವುದು. ಆಮೇಲೆ 8 ಫಾರಂಗಳ 8 ರಾಶಿ ಹಾಕಿ, ಒಂದೊಂದರಿಂದ ಒಂದೊಂದು ಎತ್ತುತ್ತ ಸುತ್ತು ಬರುವುದು. ಆಮೇಲೆ ಸೂಜಿದಾರ, ಮೈದಾ ಹಿಟ್ಟಿನ ಅಂಟು, ರಟ್ಟು, ಅದರ ಮೇಲೆ ಕ್ಯಾಲಿಕೋ ಬಟ್ಟೆ. ಅಂಟಿಗೆ ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಬೆಂಗಳೂರಿನ ಅವೆನ್ಯೂ ರಸ್ತೆಯ ಸುತ್ತಲಿನ ಓಣಿಗಳಲ್ಲಾಗಲಿ, ‘ಮುದ್ರಣ ಕಾಶಿ’ ಎಂದು ಹೆಸರಾದ ಗದಗಿನಲ್ಲಾಗಲಿ, ಇಲ್ಲಿ ದರಿಯಾಗಂಜಿನ ಹಿಂದಿನ ಗಲ್ಲಿಗಳಲ್ಲಾಗಲಿ ಕೆಲಸ ಒಂದೇ, ಶಬ್ದ ಬೇರೆ. ನಮ್ಮ ಅಂಟು ಇಲ್ಲಿ ಲೇಯಿ, ನಮ್ಮ ರಟ್ಟು ಇಲ್ಲಿ ಗತ್ತಾ. ಫಾರಂ ಫಾರಂ ಸೇರಿಸಿ ಹೊಲಿಯುವುದು ಇಲ್ಲಿ ಜುಜ್‌ಬಂದಿ, ಬೈಂಡರ್ ಇಲ್ಲಿ ಜಿಲ್ದ್‌ಸಾಜ್. ಹಿಂದಿ ನಿಮಗೆ ನೀರು ಕುಡಿದಷ್ಟು ಸಲೀಸು; ಇಂಥ ಮಾತುಗಳನ್ನು ತಿಳಿದು ಹೋದರೆ ಬೈಂಡರ್ ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಅಂದಹಾಗೆ, ನಿಮ್ಮ ತಂದೆತಾಯಿಯ ಬಾಯಲ್ಲಿ ‘ಬೈಂಡ್ ಹಾಕುವುದು’ ಎಂದರೆ ಇದಲ್ಲ. ಜೂನ್ ತಿಂಗಳಲ್ಲಿ ಶಾಲೆ ಶುರುವಾದಾಗ ಪುಸ್ತಕಗಳಿಗೆ ಖಾಕಿ ಕಾಗದದ ಹೊದಿಕೆ ಹಾಕುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಿಂದಿನ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಕಿತ್ತು, ದಬ್ಬಳದಿಂದ ತೂತು ಮಾಡಿ, ದಾರ ಪೋಣಿಸಿ ರಫ್ ಬುಕ್ ಮಾಡಿಕೊಂಡವರೂ ಅವರೇ. ಕೇಳಿ ನೋಡಿ.

ಪುಸ್ತಕ ಕಟ್ಟುವ ವಿದ್ಯೆ ನಮಗೆ ಅಚ್ಚಿನ ಜೊತೆ ಬಂದದ್ದಲ್ಲ. ಓಲೆಗರಿಗಳಿಗೆ ತೂತು ಕೊರೆದು, ದಾರ ಹಾಯಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಸುತ್ತಿದರೆ ಅದೊಂದು ಕಟ್ಟು. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ವಿಸಣಿಗೆಯಂತೆ ಮಡಚಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದುದು ಕಡತ. ಇವತ್ತು ವಿಧಾನಸೌಧದಲ್ಲಿ ಫೈಲಿಗೆ ಕಡತ ಎನ್ನುವುದು ಆ ಮಡಚಿದ ಬಟ್ಟೆಯ ನೆನಪು. ಇನ್ನು ಅಚ್ಚಿನ ಪುಸ್ತಕಗಳ ವಿಷಯಕ್ಕೆ ಬಂದರೆ, ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಲ್ಲಿ ಅಚ್ಚಾದದ್ದು 1894ರಲ್ಲಿ, 1,700ಕ್ಕೂ ಹೆಚ್ಚು ಪುಟ. ಅಷ್ಟು ದಪ್ಪದ ಪುಸ್ತಕವನ್ನು ಗೋಂದು ಹಚ್ಚಿ ನಿಲ್ಲಿಸಲಾಗದು, ಹೊಲಿಯಲೇಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟಿನ ಮಾತೂ ಅದೇ.

ಯಂತ್ರಗಳ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಗದದ ರಾಶಿಯನ್ನು ಒಂದೇ ಏಟಿಗೆ ಕತ್ತರಿಸುವ ಯಂತ್ರಕ್ಕೆ ಫ್ರಾನ್ಸಿನ ಗಿಯೋಮ್ ಮಸಿಕೋ 1844ರಲ್ಲಿ ಪೇಟೆಂಟ್ ಪಡೆದ. ಅಮೆರಿಕದ ಡೇವಿಡ್ ಸ್ಮಿತ್ 1868ರಲ್ಲಿ ಪುಸ್ತಕ ಹೊಲಿಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇಂದಿಗೂ ಫಾರಂ ಹೊಲಿಗೆಗೆ ಇಂಗ್ಲಿಷಿನಲ್ಲಿ ಅವನ ಹೆಸರೇ ಇದೆ. ಜರ್ಮನಿಯ ಎಮಿಲ್ ಲುಂಬೆಕ್ 1930ರ ದಶಕದಲ್ಲಿ ದಾರವೇ ಇಲ್ಲದೆ ಹಾಳೆಯ ಅಂಚುಗಳನ್ನು ಬರೀ ಅಂಟಿನಿಂದ ಹಿಡಿಸುವ ವಿಧಾನವನ್ನು ಬಳಕೆಗೆ ತಂದ. ಹೀಗೆ ದಾರವಿಲ್ಲದೆ ಅಂಟಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಪರ್ಫೆಕ್ಟ್ ಬೈಂಡಿಂಗ್’ ಎನ್ನುತ್ತಾರೆ. ಹೆಸರೇನೋ ಪರ್ಫೆಕ್ಟ್, ಅದನ್ನಿಟ್ಟವರು ನಮ್ಮ ದೆಹಲಿಯ ಚಳಿ ಕಂಡವರಲ್ಲ ಎಂದು ನನ್ನ ಅನುಮಾನ.

ಪರ್ಫೆಕ್ಟ್ ಬೈಂಡಿಂಗ್ ಯಂತ್ರದ ಕೆಲಸ ನೋಡಲು ಚೆಂದ. ಜೋಡಿಸಿದ ಫಾರಂಗಳ ಕಟ್ಟನ್ನು ಒಂದು ಇಕ್ಕಳ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಿರುಗುವ ಅಲಗು ಬೆನ್ನಿನ ಮಡಿಕೆಗಳನ್ನು ಕೆರೆದು ತೆಗೆಯುತ್ತದೆ. ಅಂಟು ಹಿಡಿಯಲೆಂದು ಇನ್ನೊಂದು ಅಲಗು ಅಲ್ಲಿ ಸಣ್ಣ ಗೀರುಗಳನ್ನು ಕೊರೆಯುತ್ತದೆ. ಮುಂದೆ ಸುಮಾರು 170 ಡಿಗ್ರಿಯಲ್ಲಿ ಕರಗಿದ ಅಂಟಿನ ತೊಟ್ಟಿಯ ಮೇಲೆ ಹಾದುಹೋಗಿ, ಹೊದಿಕೆಯ ಮೇಲೆ ಕೂರುತ್ತದೆ. ಎಣಿಸಿದರೆ ಕೆಲವೇ ಸೆಕೆಂಡು. ಅಂಟು ಆರುತ್ತಲೇ ಗಟ್ಟಿಯಾಗುವುದರಿಂದ ಪುಸ್ತಕವನ್ನು ಆಗಲೇ ಕತ್ತರಿಸಿ ಪೆಟ್ಟಿಗೆಗೆ ತುಂಬಬಹುದು. ಈ ಅಂಟಿಗೆ ಹಾಟ್‌ಮೆಲ್ಟ್ ಎಂದು ಹೆಸರು, ರಾಸಾಯನಿಕವಾಗಿ ಇ.ವಿ.ಎ. ಅಗ್ಗ, ಶುಚಿ, ವೇಗ. ದೀಪಾವಳಿ ವಿಶೇಷಾಂಕಗಳು, ಗೈಡುಗಳು, ನಿಮ್ಮ ಕೈಯಲ್ಲಿರುವ ಬಹುಪಾಲು ಪೇಪರ್‌ಬ್ಯಾಕುಗಳು ಇದರಿಂದ ಆದವು. ವಾರಪತ್ರಿಕೆಗಳ ನಡುವೆ ಕಾಣುವ ಎರಡು ಪಿನ್ನಿನದು ಬೇರೆ ವಿಧಾನ. ತೆಳು ಸಂಚಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ಹಾಟ್‌ಮೆಲ್ಟಿನ ಕಷ್ಟ ಹವೆಯದು. ಕಾಯಿಸಿದರೆ ಕರಗುವ ಗುಣ ಅದಕ್ಕೆ ಹುಟ್ಟುಗುಣ, ಚಳಿಗೆ ಬಿರುಸಾಗುವುದೂ ಹುಟ್ಟುಗುಣ. ಬೆಂಗಳೂರಿನಂಥ ಊರಿನಲ್ಲಿ ಇದು ಅಷ್ಟಾಗಿ ಬಾಧಿಸದು. ನಮ್ಮಲ್ಲಿ ಜನವರಿಯ ರಾತ್ರಿ 4-5 ಡಿಗ್ರಿಗೆ ಇಳಿಯುತ್ತದೆ, ಮೇ-ಜೂನಿನಲ್ಲಿ ಪಾರಾ 45 ಮುಟ್ಟುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ 60 ದಾಟುವುದೂ ಉಂಟು. ಚಳಿಯಲ್ಲಿ ಪುಸ್ತಕವನ್ನು ಒತ್ತಿ ಚಪ್ಪಟೆಯಾಗಿ ತೆರೆದರೆ ಬೆನ್ನು ಲಟ್ಟೆಂದು ಸೀಳುತ್ತದೆ. ಬೇಸಗೆಯಲ್ಲಿ ಅಂಟು ಮೆತ್ತಗಾಗಿ ಹಾಳೆ ಜಾರುತ್ತದೆ. ಫೋಟೋಗಳಿಗೆ ಬಳಸುವ ಹೊಳಪು ಕಾಗದವಾದರೆ ಇನ್ನೂ ಕಷ್ಟ, ಏಕೆಂದರೆ ಅಂಟು ಹಿಡಿಯುವುದು ಕಾಗದದ ನಾರನ್ನಲ್ಲ, ಮೇಲೆ ಬಳಿದ ಪದರವನ್ನು. ನಮ್ಮ ಸ್ಮರಣ ಸಂಚಿಕೆಯಲ್ಲಿ ಮೊದಲು ಉದುರಿದ್ದು ಫೋಟೋ ಪುಟಗಳೇ ಎಂಬುದು ಆಶ್ಚರ್ಯವೇನಲ್ಲ.

ಇದಕ್ಕೆ ಬಂದಿರುವ ಉತ್ತರ ಪಿ.ಯು.ಆರ್. ಎಂಬ ಪಾಲಿಯುರಿಥೇನ್ ಅಂಟು. ಇದನ್ನು ಸುಮಾರು 120-130 ಡಿಗ್ರಿಯಲ್ಲೇ, ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಬಳಿಯಬಹುದು. ಇದು ಬರೀ ಆರಿ ಗಟ್ಟಿಯಾಗುವುದಲ್ಲ. ಗಾಳಿ ಮತ್ತು ಕಾಗದದಲ್ಲಿರುವ ತೇವವನ್ನು ಹೀರಿ ರಾಸಾಯನಿಕವಾಗಿ ಬೇರೆಯೇ ವಸ್ತುವಾಗುತ್ತದೆ. ಒಮ್ಮೆ ಹಾಗಾದ ಮೇಲೆ ಮತ್ತೆ ಕಾಯಿಸಿದರೂ ಕರಗದು. ಮೊಟ್ಟೆ ಬೆಂದ ಮೇಲೆ ಮತ್ತೆ ಹಸಿಯಾಗದ ಹಾಗೆ. ಬೆನ್ನು ತೆಳುವಾಗಿ ಬಾಗುವುದರಿಂದ ಪುಸ್ತಕ ಚೆನ್ನಾಗಿ ತೆರೆದುಕೊಳ್ಳುತ್ತದೆ, ಹೊಳಪು ಕಾಗದವನ್ನೂ ಬಿಡದೆ ಹಿಡಿಯುತ್ತದೆ. ಆದರೆ ಪೂರ್ತಿ ಬಲ ಬರಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನವೇ ಬೇಕು. ‘ಲೂ’ ಬೀಸುವ ಒಣ ದಿನಗಳಲ್ಲಿ ಇನ್ನೂ ನಿಧಾನ. ಅಂಟಿನ ಬೆಲೆ ಹೆಚ್ಚು, ಯಂತ್ರವನ್ನು ಶುಚಿಯಾಗಿಡುವ ಕೆಲಸ ಹೆಚ್ಚು, ಕಾಯಿಸುವಾಗ ಏಳುವ ಆವಿ ಶ್ವಾಸಕ್ಕೆ ಒಳ್ಳೆಯದಲ್ಲವಾದ್ದರಿಂದ ಗಾಳಿ ಹೊರಹಾಕುವ ವ್ಯವಸ್ಥೆ ಇರಲೇಬೇಕು. ಹಾಗಾಗಿ ಪ್ರತಿ ಪ್ರೆಸ್ಸಿನಲ್ಲೂ ಇದು ಇರುವುದಿಲ್ಲ. ಇರುವವರೂ ಕೇಳದೆ ಹಾಕುವುದಿಲ್ಲ.

ಇನ್ನೊಂದು ದೊಡ್ಡ ಬದಲಾವಣೆ ಹೊರಗಿನಿಂದ ಕಾಣುವುದಿಲ್ಲ. ಹಿಂದಿನ ಯಂತ್ರಗಳಲ್ಲಿ ಒಂದೇ ಮೋಟಾರು, ಅದರಿಂದ ಸರಪಳಿ, ಗಿಯರು, ಕ್ಯಾಮುಗಳ ಮೂಲಕ ಎಲ್ಲ ಭಾಗಗಳೂ ನಡೆಯುತ್ತಿದ್ದವು. ಪುಸ್ತಕದ ಅಳತೆ ಬದಲಾದರೆ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಒಂದೊಂದನ್ನೂ ಸರಿಹೊಂದಿಸಬೇಕು. ಅರ್ಧ ದಿನ ಹೋದರೂ ಕೇಳುವಂತಿಲ್ಲ. ಅಷ್ಟು ಹೊತ್ತು ಹಾಕಿ ಐವತ್ತು ಪುಸ್ತಕ ಕಟ್ಟಿದರೆ ಯಾರಿಗೆ ಗಿಟ್ಟೀತು? ಸಾವಿರ ಪ್ರತಿಗಿಂತ ಕಡಿಮೆ ಬೇಡ ಎಂದು ಪ್ರೆಸ್ಸಿನವರು ಹೇಳುತ್ತಿದ್ದುದರ ಒಂದು ಗುಟ್ಟು ಇಲ್ಲಿತ್ತು. ಈಗಿನ ಯಂತ್ರಗಳಲ್ಲಿ ಇಕ್ಕಳಕ್ಕೊಂದು, ಅಲಗಿಗೊಂದು, ಹೊದಿಕೆ ಒತ್ತುವ ಭಾಗಕ್ಕೊಂದು ಎಂದು ಬೇರೆ ಬೇರೆ ಸರ್ವೋ ಮೋಟಾರುಗಳಿವೆ. ಪರದೆಯ ಮೇಲೆ ಎತ್ತರ, ಅಗಲ, ದಪ್ಪ ಕೊಟ್ಟರೆ ತಾವೇ ಜಾಗಕ್ಕೆ ಬಂದು ನಿಲ್ಲುತ್ತವೆ. ಫಾರಂ ಜೋಡಿಸುವ ಯಂತ್ರದಲ್ಲಿ ಕ್ಯಾಮೆರಾ ಇದ್ದು, ಒಂದು ಫಾರಂ ತಪ್ಪಿದರೆ ಅಥವಾ ಎರಡು ಸಲ ಬಂದರೆ ಆ ಕಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. 32ನೇ ಪುಟದ ನಂತರ 49 ಬರುವ ಪುಸ್ತಕಗಳನ್ನು ನಿಮ್ಮ ಹಿರಿಯರು ಕಂಡಿದ್ದಾರೆ. ನಿಮಗೆ ಆ ಭಾಗ್ಯ ಬಹುಶಃ ಇಲ್ಲ. ಇನ್ನೂ ಮುಂದುವರಿದವುಗಳಲ್ಲಿ ಪ್ರತಿ ಪುಸ್ತಕಕ್ಕೂ ಬಾರ್‌ಕೋಡ್ ಇದ್ದು, ಒಳಪುಟಕ್ಕೂ ಹೊದಿಕೆಗೂ ತಾಳೆ ನೋಡಿ, ಒಂದೊಂದನ್ನು ಒಂದೊಂದು ಅಳತೆಗೆ ಕತ್ತರಿಸುತ್ತವೆ. ಬೇಡಿಕೆ ಬಂದ ಮೇಲೆ ಒಂದೇ ಪ್ರತಿ ಅಚ್ಚು ಹಾಕಿಕೊಡುವ ವ್ಯವಹಾರ ನಡೆಯುವುದು ಹೀಗೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಲ್ಲಿ ಇಂಥ ಸೇವೆ ಶುರುಮಾಡಿತು.

ಇಂಥ ಯಂತ್ರಗಳು ಸ್ವಿಟ್ಜರ್‌ಲೆಂಡಿನ ಮ್ಯುಲರ್ ಮಾರ್ಟಿನಿ, ಜಪಾನಿನ ಹೊರೈಜನ್ ಮುಂತಾದ ಕಂಪನಿಗಳಿಂದ ಬರುತ್ತವೆ. ನಮ್ಮವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನಿಂದ ವ್ಯವಹಾರ ನಡೆಸಿ ತಿರುವನಂತಪುರದ ಕಾರ್ಖಾನೆಯಲ್ಲಿ ಯಂತ್ರ ತಯಾರಿಸುವ ವೆಲ್‌ಬೌಂಡ್ ದೇಶದ ಸಣ್ಣ ಪ್ರೆಸ್ಸುಗಳಿಗೆ ಪರ್ಫೆಕ್ಟ್ ಬೈಂಡಿಂಗನ್ನು ಎಟುಕುವಂತೆ ಮಾಡಿದ ಸಂಸ್ಥೆಗಳಲ್ಲಿ ಒಂದು. ನಮ್ಮ ಪಕ್ಕದ ಫರೀದಾಬಾದಿನಲ್ಲಿ, ದೂರದ ಅಮೃತಸರದಲ್ಲಿ ಮುದ್ರಣ ಯಂತ್ರ ತಯಾರಿಸುವವರು ಹಲವರಿದ್ದಾರೆ. ನೋಡುವ ಕುತೂಹಲವಿದ್ದರೆ ದೂರ ಹೋಗಬೇಕಾಗಿಲ್ಲ: ಯಂತ್ರ ತಯಾರಕರ ಸಂಘದ ‘ಪ್ರಿಂಟ್‌ಪ್ಯಾಕ್ ಇಂಡಿಯಾ’ ಪ್ರದರ್ಶನ ನಡೆಯುವುದು ಗ್ರೇಟರ್ ನೋಯ್ಡಾದಲ್ಲಿ, 2025ರ ಫೆಬ್ರವರಿಯಲ್ಲೂ ನಡೆಯಿತು. ಈ ಕೆಲಸವನ್ನೇ ಓದಬೇಕೆನ್ನುವವರಿಗೆ ನಮ್ಮ ಉತ್ತರಪ್ರದೇಶದಲ್ಲೇ ಪ್ರಯಾಗ್‌ರಾಜ್‌ನ ಪ್ರಾದೇಶಿಕ ಮುದ್ರಣ ತಂತ್ರಜ್ಞಾನ ಸಂಸ್ಥೆ ಇದೆ, ಹರಿಯಾಣದಲ್ಲಿ ಹಿಸ್ಸಾರಿನ ಗುರು ಜಂಭೇಶ್ವರ ವಿಶ್ವವಿದ್ಯಾಲಯವಿದೆ. ನಿಮ್ಮ ಇಂಗ್ಲಿಷ್ ಪುಸ್ತಕಗಳ ಹಿಂಬದಿಯ ವಿವರವನ್ನೂ ಓದಿ. ಫರೀದಾಬಾದಿನ ಥಾಮ್ಸನ್ ಪ್ರೆಸ್, ನೋಯ್ಡಾದ ಗಾಪ್‌ಸನ್ಸ್, ಸೋನಿಪತ್ ಕಡೆಯ ರೆಪ್ಲಿಕಾ ಎಂಬ ಹೆಸರುಗಳಲ್ಲಿ ಒಂದಾದರೂ ಸಿಗುವ ಸಂಭವ ಹೆಚ್ಚು. ಲಂಡನ್ನಿನ ಲೇಖಕನ ಪುಸ್ತಕ ನಿಮ್ಮ ಮನೆಯಿಂದ ಗಂಟೆ ದಾರಿಯಲ್ಲಿ ಕಟ್ಟಿದ್ದು.

ಯಂತ್ರ ಬಂದಲ್ಲಿ ಕೈಗೆ ಏನಾಯಿತೆಂದೂ ಕೇಳಬೇಕು. ಮಡಚುವ, ಜೋಡಿಸುವ ಕೆಲಸದಲ್ಲಿ ಅನೇಕ ಕಡೆ ಹೆಂಗಸರೇ ಹೆಚ್ಚಾಗಿದ್ದರು. ಫಾರಂಗಳನ್ನು ಮನೆಗೆ ಒಯ್ದು ರಾತ್ರಿ ಮಡಚಿ ತರುವವರೂ ಇದ್ದರು. ಗಂಟೆಗೆ ಸಾವಿರಾರು ಹಾಳೆ ಮಡಚುವ ಯಂತ್ರ ಬಂದಾಗ ಆ ಸಂಪಾದನೆ ಹೋಯಿತು. ಯಂತ್ರ ಅವರಿಗೆ ಬೇರೆ ಕೆಲಸ ಕೊಟ್ಟಿತೆಂದು ಹೇಳುವವರಿದ್ದಾರೆ. ಆಪರೇಟರ್ ಕುರ್ಚಿಯಲ್ಲಿ ಹೆಂಗಸರನ್ನು ನಾನು ಕಂಡದ್ದು ಕಡಿಮೆ. ಒಂದು ವಿಷಯದಲ್ಲಿ ಮಾತ್ರ ಹೊಸ ಯಂತ್ರವನ್ನು ಮನಸಾರೆ ಹೊಗಳುತ್ತೇನೆ. ಹಳೆಯ ಕಟಿಂಗ್ ಮೆಷಿನ್ನು ನಡೆಸಿದವರಲ್ಲಿ ಬೆರಳು ಕಳೆದುಕೊಂಡವರು ಊರೂರಿಗೂ ಸಿಗುತ್ತಾರೆ. ಈಗಿನದರಲ್ಲಿ ಎರಡು ಗುಂಡಿಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಅಲಗಿನ ಮುಂದಿನ ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ತಕ್ಷಣ ನಿಲ್ಲುತ್ತದೆ. ಕೆಲಸ ಬೇಗ ಸಾಗಲೆಂದು ಈ ರಕ್ಷಣೆಯನ್ನು ಕಟ್ಟಿಹಾಕಿ ಒಂದೇ ಕೈಯಲ್ಲಿ ನಡೆಸುವವರೂ ಇದ್ದಾರೆ. ಅಂಥದ್ದು ಕಣ್ಣಿಗೆ ಬಿದ್ದರೆ ಅಲ್ಲಿ ನಿಮ್ಮ ಪುಸ್ತಕ ಕೊಡಬೇಡಿ.

ಈಗ ಮತ್ತೆ ನಮ್ಮ ನೂರು ಪ್ರತಿಯ ಪುಸ್ತಕಕ್ಕೆ ಬರೋಣ. ನನ್ನ ಪರಿಚಯದ ಹಿರಿಯರೊಬ್ಬರು ತಮ್ಮ ತಂದೆಯವರ ಆತ್ಮಕಥೆಯನ್ನು ಅರವತ್ತು ಪ್ರತಿ ಡಿಜಿಟಲ್‌ನಲ್ಲಿ ಅಚ್ಚು ಹಾಕಿಸಿದರು. ಮೊಮ್ಮಕ್ಕಳವರೆಗೆ ಬರಲಿ, ಹೊಲಿಸಿ ರಟ್ಟು ಹಾಕಿಸೋಣವೆಂದು ಸಾಹಿಬಾಬಾದಿನ ಒಬ್ಬ ವಯಸ್ಸಾದ ಜಿಲ್ದ್‌ಸಾಜನ ಬಳಿ ಒಯ್ದರು. ಜೊತೆಗೆ ನಾನೂ ಹೋಗಿದ್ದೆ. ಆತ ಕಟ್ಟನ್ನು ಕೈಗೆತ್ತಿಕೊಂಡು, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, ‘ಬಾಬೂಜಿ, ಯೇ ತೋ ಖುಲೇ ಪನ್ನೇ ಹೈಂ, ಇಸ್ಮೇಂ ಜುಜ್ ಕಹಾಂ ಹೈ?’ ಎಂದ. ಪ್ರೆಸ್ಸಿನವರು ಪುಟಗಳನ್ನು ಬಿಡಿ ಹಾಳೆಗಳಾಗಿ ಅಚ್ಚು ಹಾಕಿ ಕೊಟ್ಟಿದ್ದರು. ಮಡಿಕೆಯೇ ಇಲ್ಲದ ಮೇಲೆ ಸೂಜಿ ಹಾಯಿಸುವುದೆಲ್ಲಿ? ಪಕ್ಕದಿಂದ ಚುಚ್ಚಿ ಹೊಲಿದರೆ ಪುಸ್ತಕ ಗಟ್ಟಿಯಾಗುತ್ತದೆ, ಆದರೆ ತೆರೆದುಕೊಳ್ಳುವುದಿಲ್ಲ. ಕೊನೆಗೆ ಅಂಟಿಸಿಯೇ ಮುಗಿಸಬೇಕಾಯಿತು.

ಡಿಜಿಟಲ್ ಯಂತ್ರದ ಹಾಳೆ ಚಿಕ್ಕದು ನಿಜ. ಆದರೂ ಎ3ಕ್ಕಿಂತ ತುಸು ದೊಡ್ಡದಾದ ಹಾಳೆಯನ್ನು ಎರಡು ಸಲ ಮಡಚಿದರೆ ಡೆಮಿ ಅಳತೆಯ 8 ಪುಟ ಬರುತ್ತದೆ. ಅಂಥ ಎರಡನ್ನು ಒಂದರೊಳಗೊಂದು ಇಟ್ಟರೆ 16 ಪುಟದ ಫಾರಂ. ಪುಟಗಳನ್ನು 17ರ ಲೆಕ್ಕದಲ್ಲಿ ಕೂರಿಸುವುದು ಕಂಪ್ಯೂಟರಿಗೆ ಎರಡು ನಿಮಿಷದ ಕೆಲಸ. ಆದರೆ ಅದನ್ನು ಅಚ್ಚಿಗೆ ಮೊದಲೇ ಹೇಳಬೇಕು. ಬೈಂಡಿಂಗ್ ಎಂಬುದು ಕೊನೆಯ ಕೆಲಸ, ನಿರ್ಧಾರ ಮಾತ್ರ ಮೊದಲನೆಯದು.

ಇಲ್ಲೊಂದು ಸ್ವಾರಸ್ಯವಿದೆ. ಸಾವಿರಗಟ್ಟಲೆ ಪ್ರತಿಗಳ ಕಾಲದಲ್ಲಿ ಯಂತ್ರದ ಮುಂದೆ ಕೈಹೊಲಿಗೆ ಸೋತು ಹಿಂದೆ ಸರಿಯಿತು. ಈಗ ಅಚ್ಚು ಹಾಕುವ ಸಂಖ್ಯೆಯೇ ಐವತ್ತು, ನೂರಕ್ಕೆ ಇಳಿದಿದೆ. 128 ಪುಟದ ಐವತ್ತು ಪ್ರತಿ ಎಂದರೆ 400 ಫಾರಂ. ನುರಿತ ಒಬ್ಬ ಬೈಂಡರ್ ಕೆಲವು ದಿನಗಳಲ್ಲಿ ಹೊಲಿದು ಮುಗಿಸಬಹುದಾದ ಕೆಲಸ. ಅತಿ ಹೊಸ ಮುದ್ರಣಕ್ಕೂ ಅತಿ ಹಳೆಯ ಹೊಲಿಗೆಗೂ ಹೊಂದಿಕೆಯಾಗುತ್ತದೆಂದು ಯಾರು ಎಣಿಸಿದ್ದರು? ಆ ಜಿಲ್ದ್‌ಸಾಜನ ಮಗ ಈ ಕೆಲಸ ಕಲಿತಿಲ್ಲ. ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ನನ್ನ ಸಲಹೆ ಇಷ್ಟು. ಗ್ರಂಥಾಲಯಗಳಿಗೆ, ಲೇಖಕರ ಮನೆಗಳಿಗೆ, ಸಂಘದ ಕಪಾಟಿಗೆ ಹೋಗುವ ಇಪ್ಪತ್ತೈದು ಮೂವತ್ತು ಪ್ರತಿಗಳನ್ನು ಫಾರಂ ಹೊಲಿಸಿ ರಟ್ಟು ಹಾಕಿಸೋಣ. ಉಳಿದವು ಪಿ.ಯು.ಆರ್. ಅಂಟಿನಲ್ಲಿ ಪೇಪರ್‌ಬ್ಯಾಕ್ ಆಗಲಿ. ಅದು ಸಿಗದಿದ್ದರೆ ಫೋಟೋ ಪುಟಗಳನ್ನಾದರೂ ಹೊಳಪು ಕಾಗದದ ಬದಲು ಒಳ್ಳೆಯ ಮ್ಯಾಪ್‌ಲಿತೋದಲ್ಲಿ ಅಚ್ಚು ಹಾಕಿಸೋಣ. ಹೊದಿಕೆಗೆ ಲ್ಯಾಮಿನೇಶನ್ ಬೇಕೆಂದು ಎಲ್ಲರೂ ಕೇಳುತ್ತಾರೆ, ಇರಲಿ. ಚಿನ್ನದ ಹಾಳೆ, ಅಲ್ಲಲ್ಲಿ ಹೊಳೆಯುವ ಸ್ಪಾಟ್ ಯು.ವಿ. ಎಂದು ದುಡ್ಡು ಸುರಿಯುವುದು ಬೇಡ. ಆ ಹಣ ಬೆನ್ನಿಗೆ ಹೋಗಲಿ. ಕಾಗದಕ್ಕೂ ಮರದ ಹಾಗೆ ನಾರಿನ ಓಟವಿರುತ್ತದೆ. ಅದು ಬೆನ್ನಿಗೆ ಸಮಾನಾಂತರವಾಗಿ, ಮೇಲಿನಿಂದ ಕೆಳಕ್ಕೆ ಇರಬೇಕು. ಅಡ್ಡಡ್ಡ ಇದ್ದರೆ ಪುಸ್ತಕ ತೆರೆದಿಟ್ಟರೂ ಬಾಗಿಲಿನ ಹಾಗೆ ತಾನೇ ಮುಚ್ಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಅಂಚು ಅಲೆಅಲೆಯಾಗುತ್ತದೆ. ಇದನ್ನೂ ಪ್ರೆಸ್ಸಿನಲ್ಲಿ ಮೊದಲೇ ಕೇಳಿ. ಕೇಳಿದ್ದಕ್ಕೆ ಅವರು ಬೇಸರಪಟ್ಟರೆ ಬೇರೆ ಪ್ರೆಸ್ಸು ನೋಡಿ, ಈ ಊರಿನಲ್ಲಿ ಪ್ರೆಸ್ಸಿಗೇನೂ ಬರವಿಲ್ಲ.

ಹೊದಿಕೆಯ ವಿನ್ಯಾಸ ಮಾಡುತ್ತೇವೆಂದು ಈಗಾಗಲೇ ಮುಂದೆ ಬಂದಿರುವ ಇಂದಿರಾಪುರಂ, ವಸುಂಧರಾದ ಗೆಳೆಯರಿಗೆ ಒಂದು ಮಾತು: ಅವಸರ ಬೇಡ. ಮೊದಲು ಅದೇ ಕಾಗದದಲ್ಲಿ, ಅಷ್ಟೇ ಪುಟಗಳ ಒಂದು ಖಾಲಿ ಪುಸ್ತಕವನ್ನು ಬೈಂಡರಿಂದ ಮಾಡಿಸಿ ತರಿಸಿಕೊಳ್ಳಬೇಕು. ಪ್ರೆಸ್ಸಿನಲ್ಲಿ ಅದಕ್ಕೆ ‘ಡಮ್ಮಿ’ ಎನ್ನುತ್ತಾರೆ. 70 ಜಿ.ಎಸ್.ಎಂ. ಕಾಗದದಲ್ಲಿ 128 ಪುಟಕ್ಕೆ ಬೆನ್ನು ಸುಮಾರು 6 ಮಿಲಿಮೀಟರ್ ಬಂದೀತು. ಹೊಲಿದದ್ದರಲ್ಲಿ ದಾರದ ದಪ್ಪ ಸೇರಿ ಇನ್ನೂ ತುಸು ಹೆಚ್ಚು. ಆ 6 ಮಿಲಿಮೀಟರಿನಲ್ಲಿ ಕನ್ನಡದ ಒತ್ತಕ್ಷರಗಳು ಸ್ಪಷ್ಟವಾಗಿ ಕೂರಬೇಕಾದರೆ ಪುಸ್ತಕದ ಹೆಸರು ಚಿಕ್ಕದಿರಬೇಕು. ಹೆಸರು ಇನ್ನೂ ನಿಶ್ಚಯವಾಗಿಲ್ಲ. ಸೂಚನೆಗಳನ್ನು ಮುಂದಿನ ಸಂಚಿಕೆಯ ಒಳಗೆ ಕಳಿಸಿ.